ಸೊಂಟದಿಂದ ಹಣೆಯ ಮೇಲಕ್ಕೆ

ಪಿಯುಸಿಯಲ್ಲಿ ಬಾಸ್ಕೆಟ್‌ಬಾಲ್ ಆಡುವಾಗ ನಾನು ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದೆ. ತ್ರೀ ಪಾಯಿಂಟ್ ಗೆರೆಯ ಹಿಂದಿನಿಂದ ಹಾಕಿದರೆ ಮೂರು ಪಾಯಿಂಟ್, ಅದಕ್ಕೇ 'ತ್ರೀ' ಅನ್ನುವುದು; ಅಲ್ಲಿಂದ ರಿಂಗಿಗೆ 6.75 ಮೀಟರ್. ಅಷ್ಟು ದೂರಕ್ಕೆ ಕೈಬಲ ಸಾಲುತ್ತಿರಲಿಲ್ಲ. ಒಬ್ಬನೇ ಆಡುವಾಗ ಚೆನ್ನಾಗಿಯೇ ಬೀಳುತ್ತಿತ್ತು. ಮ್ಯಾಚಿನಲ್ಲಿ ಎತ್ತರದವರು ಸುಲಭವಾಗಿ ಬ್ಲಾಕ್ ಮಾಡುತ್ತಿದ್ದರು.

ಆಗ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರ್ರಿ ಕಥೆ ಓದಿದೆ. ಹೈಸ್ಕೂಲಿನಲ್ಲಿ ಅವರೂ ಕೆಳಗಿನಿಂದಲೇ ಎಸೆಯುತ್ತಿದ್ದರಂತೆ. ಅಪ್ಪ ಡೆಲ್ ಕರ್ರಿ ಕೂಡ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಆಡಿದವರು. ಒಂದು ಬೇಸಿಗೆ ಇಡೀ ಕೂತು ಮಗನ ಶಾಟನ್ನೇ ಬದಲಿಸಿದರು. ಶುರುವಿನಲ್ಲಿ ದೂರದ ಶಾಟೇ ಬರದೆ ಹುಡುಗ ಒದ್ದಾಡಿಬಿಟ್ಟ. ಅದೇ ಹುಡುಗ 2015-16ರ ಸೀಸನ್‌ನಲ್ಲಿ 402 ತ್ರೀ ಹಾಕಿದ್ದು. ಅದಕ್ಕೆ ಮೊದಲಿನ ದಾಖಲೆ 286, ಅದೂ ಅವರದ್ದೇ! ಮುಂದೆ 2021ರ ಡಿಸೆಂಬರ್‌ನಲ್ಲಿ ಇಡೀ ವೃತ್ತಿಜೀವನದ ತ್ರೀಗಳಲ್ಲಿ ರೇ ಅಲೆನ್ ಅವರ ದಾಖಲೆ 2,973ನ್ನೂ ದಾಟಿದರು. ನನಗೆ ಮಾತ್ರ ಇದೆಲ್ಲಕ್ಕಿಂತ ಆ ಬೇಸಿಗೆಯೇ ದೊಡ್ಡದು.

ನನಗೆ ಸಿಕ್ಕಿದ್ದು ಮಳೆಗಾಲ. ಮಂಗಳೂರಿನ ಮಳೆ ಗೊತ್ತಲ್ವಾ, ಕೋರ್ಟಿಗೆ ಪಾಚಿ ಹಿಡಿದಿತ್ತು. ಮನೆಯ ಚಾವಡಿಯಲ್ಲಿ ಅಂಗಾತ ಮಲಗಿ ಚೆಂಡನ್ನು ಮೇಲಕ್ಕೆ ಎಸೆಯಲು ಶುರು ಮಾಡಿದೆ. ಹಣೆಯ ಮೇಲಿನಿಂದ ಬಿಡಬೇಕು. ಮೊಣಕೈ ಹೊರಗೆ ಹೋಗಬಾರದು. ಅಂಗೈ ಚೆಂಡಿಗೆ ತಾಗಬಾರದು, ಬೆರಳು ಮಾತ್ರ. ಸರಿಯಾಗಿ ಬಿಟ್ಟರೆ ಚೆಂಡು ಹಿಂದಕ್ಕೆ ತಿರುಗುತ್ತಾ ಮೇಲೆ ಹೋಗಿ ಅದೇ ಕೈಗೆ ಬೀಳುತ್ತದೆ. ಚೂರು ವಾರೆಯಾದರೂ ಕಿವಿಯ ಪಕ್ಕ. "ಹಂಚಿಗೆ ತಾಗಿಸಬೇಡ ಮಗಾ," ಅಂತ ಅಮ್ಮ ಒಳಗಿನಿಂದ ಹೇಳುತ್ತಲೇ ಇದ್ದರು.

ಮಳೆ ಬಿಟ್ಟ ಮೇಲೆ ರಿಂಗಿನ ಎದುರು ಎರಡೇ ಹೆಜ್ಜೆ ದೂರ ನಿಂತೆ. ಬೋರ್ಡಿಗೆ ತಾಗದೆ ಹತ್ತು ಬಿದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ. ಮಂಡಿ ಬಗ್ಗಿಸಿ ಕಾಲಿನ ಬಲವನ್ನು ಕೈಗೆ ತರುವುದು ಅಲ್ಲೇ ಕಲಿತಿದ್ದು. ನಮ್ಮ ಸೆಕೆಗೆ ಕೈ ಬೆವರಿ ಚೆಂಡು ಜಾರುತ್ತದೆ. ಸೊಂಟಕ್ಕೆ ಬೈರಾಸು ಸಿಕ್ಕಿಸಿಕೊಂಡು ಪ್ರತಿ ಶಾಟಿಗೂ ಒರೆಸುತ್ತಿದ್ದೆ.

ಗೆರೆ ತಲುಪುವಾಗ ದೀಪಾವಳಿ ಬಂದಿತ್ತು. ಆ ತಿಂಗಳುಗಳಲ್ಲಿ ನನ್ನನ್ನು ಬೆಂಚಿನಲ್ಲೇ ಕೂರಿಸಿದ್ದರು. "ಹಳೇ ಶಾಟೇ ಸಾಕಿತ್ತು" ಅಂತ ಟೀಮಿನವರೂ ಹೇಳಿದರು. ತುಂಬಾ ಬೇಜಾರಾಗಿತ್ತು. ಒಬ್ಬನೇ ಇದ್ದಾಗ ಒಂದೆರಡು ಸಲ ಸೊಂಟದಿಂದ ಎಸೆದೂ ನೋಡಿದೆ. ಚೆಂಡು ಬಿತ್ತು. ಆದರೂ ಎತ್ತಿಕೊಂಡು ಮತ್ತೆ ಎರಡು ಹೆಜ್ಜೆಯ ಜಾಗಕ್ಕೇ ಹೋದೆ.

ಡಿಸೆಂಬರ್‌ನ ಒಂದು ಮ್ಯಾಚಿನಲ್ಲಿ ಕೊನೆಗೂ ಒಳಗೆ ಕಳಿಸಿದರು. ಎಡಗಡೆಯ ಮೂಲೆಯಲ್ಲಿ ಪಾಸ್ ಸಿಕ್ಕಿತು. ನನಗಿಂತ ಒಂದು ತಲೆ ಎತ್ತರದ ಹುಡುಗ ಕೈ ಚಾಚಿ ಓಡಿಬಂದ. ಚೆಂಡು ಅವನ ಬೆರಳ ತುದಿಯ ಮೇಲಿನಿಂದ ಹೋಯಿತು. ರಿಂಗಿಗೆ ತಾಗಿದ ಸದ್ದು ಬರಲಿಲ್ಲ, ನೆಟ್ಟಿನದ್ದು ಮಾತ್ರ.