ಹತ್ತಿಂಚಿನ ಚಕ್ರದ ಮೇಲೆ ದೂರದ ದಾರಿ

ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಜೋರಾಗಿ ಕೂಗುತ್ತಿತ್ತು. ಸ್ಕೂಟರ್ ಮಾತ್ರ ಒಂದು ಅಡಿ ಮುಂದಕ್ಕೆ ಹೋಗಲಿಲ್ಲ. ಎಡಗಡೆಯ ಕವರ್ ಒಳಗಿಂದ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಅದು ನನ್ನ ಮೊದಲ ದೂರದ ಸವಾರಿಯ ಎರಡನೇ ದಿನ. ಮನೆ ಬಿಟ್ಟು 430 ಕಿಲೋಮೀಟರ್ ಆಗಿತ್ತು.

ನಾವು ಆರು ಸ್ಕೂಟರ್ ಹೊರಟಿದ್ದೆವು. ಗುಂಪಿನ ಕೊನೆಯಲ್ಲಿ ಬರುತ್ತಿದ್ದವರು ಅಕ್ಕ. ನಮಗೆಲ್ಲ ಅವರು ಅಕ್ಕನೇ, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಅವರ 110 ಸಿಸಿ ಗಾಡಿ ಆಗಲೇ ಎಂಬತ್ತು ಸಾವಿರ ಕಿಲೋಮೀಟರ್ ದಾಟಿತ್ತು. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಒಂದೇ ಪ್ರಶ್ನೆ ಕೇಳಿದರು.

"ಬೆಲ್ಟ್ ಹಾಕಿಸಿ ಎಷ್ಟು ಕಿಲೋಮೀಟರ್ ಆಯ್ತು?"

"ಬೆಲ್ಟ್ ಯಾವತ್ತೂ ಬದಲಾಯಿಸಿಲ್ಲ ಅಕ್ಕ. ಗಾಡಿ 31,000 ಓಡಿದೆ."

"ಹಾಗಾದ್ರೆ ಅದು ಇಷ್ಟು ದಿನ ಬಂದಿದ್ದೇ ಹೆಚ್ಚು. ಬಾ, ಕವರ್ ಬಿಚ್ಚೋಣ. ನೀನೇ ಬಿಚ್ಚು, ನಾನು ಹೇಳ್ತೀನಿ."

ಆ ಎರಡು ಗಂಟೆಯಲ್ಲಿ ಕಲಿತದ್ದನ್ನು ನಾನು ಅದಕ್ಕೂ ಮೊದಲಿನ ನಾಲ್ಕು ವರ್ಷದಲ್ಲಿ ಕಲಿತಿರಲಿಲ್ಲ. ಅದಕ್ಕೇ ಬೆಲ್ಟ್ ವಿಷಯವನ್ನೇ ಮೊದಲು ಬರೆಯುತ್ತೇನೆ. ಸ್ಕೂಟರ್‌ನಲ್ಲಿ ದೂರ ಹೋಗುವ ಆಸೆ ಇರುವವರು ಬ್ಯಾಗು, ಜಾಕೆಟ್, ಮೊಬೈಲ್ ಸ್ಟ್ಯಾಂಡ್ ನೋಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು.

ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಂಜಿನ್ ಕಡೆ ಒಂದು ಪುಲ್ಲಿ, ಹಿಂದಿನ ಚಕ್ರದ ಕಡೆ ಇನ್ನೊಂದು. ನಡುವೆ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯ ಹಿಂಬದಿಯಲ್ಲಿ ಸಣ್ಣ ರೋಲರ್‌ಗಳಿರುತ್ತವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಎರಡು ಹೋಳುಗಳನ್ನು ಹತ್ತಿರ ತಳ್ಳುತ್ತವೆ. ಆಗ ಬೆಲ್ಟ್ ಮೇಲಕ್ಕೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಅದೇ ಬೆಲ್ಟ್ ಒಳಕ್ಕೆ ಇಳಿಯುತ್ತದೆ. ಗೇರ್ ಬದಲಾಗುವುದು ಅಂದರೆ ಇಷ್ಟೇ. ಇದೆಲ್ಲ ಉಜ್ಜಾಟದ ಕೆಲಸ, ಹಾಗಾಗಿ ಬೆಲ್ಟ್ ಅಗಲ ದಿನಾ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಬಿಸಿಲಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಓಡಿಸಿದಾಗ ಗೊತ್ತಾಗುತ್ತದೆ.

ಬೆಲ್ಟ್ ಮುಂಚೆಯೇ ಸೂಚನೆ ಕೊಟ್ಟಿರುತ್ತದೆ. ನನ್ನ ಗಾಡಿಯೂ ಕೊಟ್ಟಿತ್ತು. ಹೊರಡುವಾಗ ಜರ್ಕ್ ಹೊಡೆಯುತ್ತಿತ್ತು. ಹಿಂದೆಲ್ಲ 85 ಮುಟ್ಟುತ್ತಿದ್ದ ಗಾಡಿ 76ಕ್ಕೇ ನಿಲ್ಲುತ್ತಿತ್ತು. ಗಾಡಿಗೆ ವಯಸ್ಸಾಯಿತು ಅಂತ ನಾನು ಸುಮ್ನೆ ಇದ್ದೆ.

ಕವರ್ ಬಿಚ್ಚಿದಾಗ ಒಳಗೆಲ್ಲ ಕಪ್ಪು ಪುಡಿ. ಹರಿದ ಬೆಲ್ಟಿನ ನೂಲು, ಹಿಂದಿನ ಪುಲ್ಲಿಯ ಜೊತೆಗಿದ್ದು ಚಕ್ರಕ್ಕೆ ಶಕ್ತಿ ದಾಟಿಸುವ ಕ್ಲಚ್ ಸುತ್ತ ಜಡೆಯಂತೆ ಸುತ್ತಿಕೊಂಡಿತ್ತು. ಮೊದಲು ಅದನ್ನೆಲ್ಲ ಬಿಡಿಸಿ ತೆಗೆದೆ. ಮುಂದಿನ ಪುಲ್ಲಿಯ ನಟ್ ಬಿಚ್ಚುವಾಗ ಪುಲ್ಲಿ ಜೊತೆಗೇ ತಿರುಗುತ್ತದೆ. ಪುಲ್ಲಿಯ ಹೊರಗಿನ ತಟ್ಟೆಯ ಮೇಲಿರುವ ಫ್ಯಾನಿನ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಡೆಯಲು ಹೋದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ಆ ರೆಕ್ಕೆ ಅಲ್ಯೂಮಿನಿಯಂನದು, ಪಟ್ ಅಂತ ಮುರಿಯುತ್ತದೆ. ಅದನ್ನು ಹಿಡಿಯಲು ಒಂದು ಹೋಲ್ಡರ್ ಇರುತ್ತದೆ, ಅವರ ಬ್ಯಾಗಿನಲ್ಲಿತ್ತು. ಗುಂಪಿನಲ್ಲಿ ನನ್ನದೇ ಮಾಡೆಲ್ ಗಾಡಿ ಇದ್ದ ಒಬ್ಬ ಹುಡುಗ ತನ್ನ ಸ್ಪೇರ್ ಬೆಲ್ಟ್ ತೆಗೆದುಕೊಟ್ಟ. ಅವನಿಗೂ ಅದೊಂದೇ ಇದ್ದದ್ದು.

ಹೊಸ ಬೆಲ್ಟ್ ಹಾಕುವಾಗ ಒಂದು ಜಾಗದಲ್ಲಿ ತುಂಬಾ ಜನ ತಪ್ಪುತ್ತಾರೆ. ಹಿಂದಿನ ಪುಲ್ಲಿಯ ಹೋಳುಗಳನ್ನು ಎರಡು ಕೈಯಿಂದ ಬಲವಾಗಿ ಅಗಲಿಸಿ, ಬೆಲ್ಟನ್ನು ಅದರೊಳಗೆ ಆಳಕ್ಕೆ ಇಳಿಸಬೇಕು. ಸ್ಪ್ರಿಂಗ್ ಗಟ್ಟಿ ಇರುತ್ತದೆ, ಹೆಬ್ಬೆರಳು ನೋಯುತ್ತದೆ. ಹೀಗೆ ಇಳಿಸಿದರೆ ಮಾತ್ರ ಮುಂದಿನ ಕಡೆ ಬೆಲ್ಟ್ ಸಡಿಲವಾಗಿ ಜೋಲುತ್ತದೆ. ಇಳಿಸದೆ ಹಾಗೇ ನಟ್ ಬಿಗಿದರೆ ಪುಲ್ಲಿಯ ಹೊರಗಿನ ತಟ್ಟೆ ಒಳಗಿನ ಬುಶ್‌ಗೆ, ಅಂದರೆ ಲೋಹದ ಕೊಳವೆಗೆ, ತಾಗುವ ಬದಲು ಬೆಲ್ಟನ್ನು ಕಚ್ಚಿಕೊಂಡು ನಿಲ್ಲುತ್ತದೆ. ಕೈಗೆ ನಟ್ ಬಿಗಿಯಾದ ಹಾಗೇ ಅನಿಸುತ್ತದೆ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಬೆಲ್ಟ್ ಜಾಗ ಬಿಟ್ಟುಕೊಟ್ಟು ನಟ್ ಸಡಿಲವಾಗುತ್ತದೆ. ತಟ್ಟೆ ಅಲ್ಲಾಡಿ ಅಲ್ಲಾಡಿ ಎಂಜಿನ್ ಶಾಫ್ಟಿನ ಹಲ್ಲುಗಳನ್ನೇ ತಿಂದುಹಾಕುತ್ತದೆ. ಆಮೇಲೆ ಬೆಲ್ಟಿನ ಖರ್ಚಲ್ಲ, ಎಂಜಿನ್ನೇ ಬಿಚ್ಚಬೇಕು. ಹಾಗಾಗಿ ನಟ್ ಬಿಗಿಯುವ ಮೊದಲು ಮುಂದಿನ ಕಡೆ ಬೆಲ್ಟ್ ಸಡಿಲ ಇದೆಯಾ ಅಂತ ಬೆರಳು ಹಾಕಿ ನೋಡಲೇಬೇಕು. ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಬೇಕು. ಕೈಯಲ್ಲಿ ಗ್ರೀಸ್ ಇದ್ದರೆ ಮೊದಲು ಒರೆಸಿಕೊಳ್ಳಬೇಕು.

ಈಗ ನಾನು 20,000 ಕಿಲೋಮೀಟರಿಗೇ ಬೆಲ್ಟ್ ಬದಲಾಯಿಸುತ್ತೇನೆ, ಜೊತೆಗೆ ರೋಲರ್‌ಗಳನ್ನೂ. ರೋಲರ್ ಒಂದು ಬದಿ ಚಪ್ಪಟೆಯಾಗಿದ್ದರೆ ಹೊಸ ಬೆಲ್ಟ್ ಹಾಕಿಯೂ ಪ್ರಯೋಜನವಿಲ್ಲ. ತೆಗೆದ ಬೆಲ್ಟ್ ಚೆನ್ನಾಗಿದ್ದರೆ ಅದೇ ನನ್ನ ಸ್ಪೇರ್. ಅದು ಆಗಲೇ ಓಡಿ ತೋರಿಸಿದ ಬೆಲ್ಟ್ ಅಲ್ವಾ? ಅದನ್ನು ಸೀಟಿನ ಕೆಳಗೆ ಇಡುವುದಿಲ್ಲ, ಕೆಳಗೇ ಎಂಜಿನ್ ಇರುವುದರಿಂದ ಅಲ್ಲಿ ಬಿಸಿ ಜಾಸ್ತಿ.

ಚಕ್ರದ ಲೆಕ್ಕವೂ ಹೀಗೇ, ಯಾರೂ ಹೇಳಿಕೊಡುವುದಿಲ್ಲ. ಸ್ಕೂಟರಿನ ಹತ್ತಿಂಚಿನ ಟೈರ್ (ಅಳತೆ 90/100-10) ಒಂದು ಕಿಲೋಮೀಟರಿಗೆ ಸುಮಾರು 730 ಸುತ್ತು ಸುತ್ತುತ್ತದೆ. 17 ಇಂಚಿನ ಬೈಕ್ ಟೈರಿಗೆ ಸುಮಾರು 520 ಸುತ್ತು ಸಾಕು. ಅದೇ ದಾರಿ, ಅದೇ ದಿನ, ನಮ್ಮ ಟೈರಿಗೆ ಕೆಲಸ ಜಾಸ್ತಿ. ಗಾಳಿ ಕಡಿಮೆ ಇದ್ದರೆ ಬೇಗ ಬಿಸಿಯಾಗುತ್ತದೆ. ದಿನಾ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ. ಬೈಕ್ ಚಕ್ರ ದಾಟಿಹೋಗುವ ಗುಂಡಿಯಲ್ಲಿ ಹತ್ತಿಂಚಿನ ಚಕ್ರ ಪೂರ್ತಿ ಇಳಿದುಬಿಡುತ್ತದೆ. ಅದಕ್ಕೇ ಕತ್ತಲಾದ ಮೇಲೆ ನಾನು ಓಡಿಸುವುದಿಲ್ಲ. ಇದರಲ್ಲಿ ರಾಜಿಯೇ ಇಲ್ಲ.

ಇಳಿಜಾರಿನಲ್ಲೂ ಒಂದು ವಿಷಯ ಗಮನಿಸಬೇಕು. ಗಾಡಿ ತೀರಾ ನಿಧಾನವಾದರೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಎಂಜಿನ್ ಹಿಡಿತ ಹೋಗಿ ಗಾಡಿ ಜಾರತೊಡಗುತ್ತದೆ. ಆಗ ಬರೀ ಬ್ರೇಕ್ ಹಿಡಿದೇ ಇಳಿದರೆ ಡ್ರಮ್ ಕಾದು ಬ್ರೇಕ್ ಮೆತ್ತಗಾಗುತ್ತದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಘಾಟಿ ಇಳಿಯುವಾಗ ನಾನು ಇದನ್ನು ಮತ್ತೆ ಮತ್ತೆ ಮಾಡುತ್ತೇನೆ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾರದ್ದೆಲ್ಲ ಕಾಲಿನ ನಡುವೆ, ಫುಟ್‌ಬೋರ್ಡ್ ಮೇಲೆ. ಹಿಂದಿನ ಕ್ಯಾರಿಯರ್ ಮೇಲೆ ಬಟ್ಟೆ ಮಾತ್ರ. ಹಿಂದೆ ಭಾರ ಹೇರಿದರೆ ಹ್ಯಾಂಡಲ್ ಹಗುರವಾಗಿ ಗಾಳಿಗೆ ಅಲ್ಲಾಡುತ್ತದೆ.

ನನ್ನ ಟ್ಯಾಂಕ್ 5 ಲೀಟರಿನದು. ಲೀಟರಿಗೆ 45 ಸಿಕ್ಕರೂ ಇನ್ನೂರು ಚಿಲ್ಲರೆ ಕಿಲೋಮೀಟರ್. 150ಕ್ಕೇ ತುಂಬಿಸುತ್ತೇನೆ. ಮೊದಮೊದಲು ಇದೊಂದು ಕೊರತೆ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಸ್ಕೂಟರ್‌ನಲ್ಲಿ ಕೂರುವ ಭಂಗಿಯಲ್ಲಿ ಮೈಯ ಭಾರ ಹೆಚ್ಚಾಗಿ ಸೊಂಟ, ಬೆನ್ನಿನ ಕೆಳಭಾಗದ ಮೇಲೇ ಬೀಳುತ್ತದೆ. ಬೈಕಿನವರ ಹಾಗೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೊಂಟ ಎತ್ತಲು ಆಗುವುದಿಲ್ಲ. ಹಾಗಾಗಿ ಗಂಟೆಗೊಮ್ಮೆ ಇಳಿಯಲೇಬೇಕು. ಇಳಿದಾಗ ಜನ ಮಾತಿಗೆ ಸಿಗುತ್ತಾರೆ. ನನ್ನ ಸ್ಕೂಟರ್ ಗೆಳೆಯರಲ್ಲಿ ಅರ್ಧ ಜನ ಪೆಟ್ರೋಲ್ ಬಂಕಿನಲ್ಲೇ ಪರಿಚಯವಾದವರು.

24 ಗಂಟೆಯಲ್ಲಿ 1,000 ಮೈಲಿ ಓಡಿಸಿದವರಿಗೆ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಸರ್ಟಿಫಿಕೇಟ್ ಕೊಡುತ್ತದೆ. ಆ ಸವಾರಿಗೆ ಸ್ಯಾಡಲ್‌ಸೋರ್ 1000 ಅಂತ ಹೆಸರು. ಅಂದರೆ 1,609 ಕಿಲೋಮೀಟರ್. ನಿಲ್ಲುವ ಹೊತ್ತೂ ಸೇರಿ ಗಂಟೆಗೆ 67ರ ಸರಾಸರಿ ಬೇಕು. ನನ್ನ ಟ್ಯಾಂಕಿಗೆ ಲೆಕ್ಕ ಹಾಕಿದೆ, ಹತ್ತು ಸಲ ಪೆಟ್ರೋಲ್ ತುಂಬಿಸಬೇಕು. ಮಾಡಿದವರ ಬಗ್ಗೆ ಗೌರವವಿದೆ. ಆದರೆ ನನ್ನ ಗಾಡಿಗೂ ನನಗೂ ಹೊಂದುವುದು ದಿನಕ್ಕೆ 350, ವೇಗ 55ರಿಂದ 60. ಮನಸ್ಸಿಗೆ ಹತ್ತಿರವಾದವರು ಬೇರೆ. ಇಟಲಿಯ ರಾಬರ್ಟೊ ಪ್ಯಾಟ್ರಿನ್ಯಾನಿ 1964ರ ಒಲಿಂಪಿಕ್ಸ್ ಹೊತ್ತಿಗೆ ವೆಸ್ಪಾ ಸ್ಕೂಟರ್ ಹತ್ತಿ ಮಿಲಾನ್‌ನಿಂದ ಟೋಕಿಯೊ ಕಡೆಗೆ ಹೊರಟರು. ಅದೇ ದೇಶದ ಜಾರ್ಜೊ ಬೆಟ್ಟಿನೆಲ್ಲಿ 1992ರಲ್ಲಿ ರೋಮ್‌ನಿಂದ ಹೊರಟು ವಿಯೆಟ್ನಾಮಿನ ಸೈಗಾನ್ ತನಕ ವೆಸ್ಪಾ ಓಡಿಸಿದರು. ಆಮೇಲೆ ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯ ತನಕವೂ ಹೋದರು. ಗಾಡಿ ಸಣ್ಣದು ಅಂತ ಅವರು ದಾರಿಯನ್ನು ಸಣ್ಣದು ಮಾಡಿಕೊಳ್ಳಲಿಲ್ಲ. 1946ರಲ್ಲಿ ಬಂದ ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್. ಮುಂದಿನ ಚಕ್ರವನ್ನು ಒಂದೇ ಬದಿಯಲ್ಲಿ ಹಿಡಿಯುವ ಹಾಗೆ ಮಾಡಿದ್ದು ಅವರೇ. ಪಂಕ್ಚರ್ ಆದರೆ ಕಾರಿನ ಚಕ್ರದಂತೆ ಬಿಚ್ಚಿ ಬದಲಾಯಿಸಬಹುದು.

ನಮ್ಮ ಗುಂಪಿನ ನಿಯಮ ಎರಡೇ. ಎಲ್ಲರಿಗಿಂತ ನಿಧಾನದ ಗಾಡಿ ಮುಂದೆ ಹೋಗಬೇಕು, ಟೂಲ್ಸ್ ಇರುವವರು ಕೊನೆಗೆ. ನಿಧಾನದ ಗಾಡಿಯನ್ನು ಹಿಂದೆ ಬಿಟ್ಟರೆ ಅದು ಉಳಿದವರನ್ನು ಹಿಡಿಯಲು ಪೂರ್ತಿ ಆಕ್ಸಿಲರೇಟರ್ ಕೊಡುತ್ತದೆ. ಬೆಲ್ಟ್ ಸುಡುತ್ತದೆ, ಸವಾರನೂ ಸುಸ್ತಾಗುತ್ತಾನೆ. ಎರಡನೆಯ ನಿಯಮ, ದಾರಿ ಬದಿ ನಿಂತ ಸ್ಕೂಟರ್ ಕಂಡರೆ ನಿಲ್ಲಿಸಿ ಕೇಳಲೇಬೇಕು. ಗುರುತಿನವರೇ ಆಗಬೇಕಿಲ್ಲ.

ಇತ್ತೀಚೆಗೆ ಆರು ದಿನದ ಸವಾರಿಯೊಂದರಲ್ಲಿ ಅಂಥ ಗಾಡಿ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ. ಎಂಜಿನ್ ಕೂಗುತ್ತಿತ್ತು, ಚಕ್ರ ಸುಮ್ಮನಿತ್ತು. ನನ್ನ ಸ್ಪೇರ್ ಬೆಲ್ಟ್ ಅವನ ಗಾಡಿಗೆ ಹೊಂದಲಿಲ್ಲ, ಉದ್ದವೇ ಬೇರೆ. ಮೊಬೈಲಿನಲ್ಲಿ ಸ್ಕೂಟರ್ ಸವಾರರ ಗುಂಪಿಗೆ ಗಾಡಿಯ ಮಾಡೆಲ್ ಬರೆದು ಕಳಿಸಿದೆ. 40 ಕಿಲೋಮೀಟರ್ ದೂರದಲ್ಲಿದ್ದ ಒಬ್ಬರು, ನಾನು ಯಾವತ್ತೂ ಮುಖ ನೋಡದವರು, ಬೆಲ್ಟ್ ಹಿಡಿದು ಬಂದರು. ಅವರು ಬರುವಷ್ಟರಲ್ಲಿ ಕವರ್ ಬಿಚ್ಚಿ, ನೂಲೆಲ್ಲ ತೆಗೆದು ಇಟ್ಟಿದ್ದೆವು.

"ಅಣ್ಣ, ನೀವೇ ಹಾಕಿಬಿಡಿ" ಅಂದ ಹುಡುಗ.

"ನೀನೇ ಹಾಕು, ನಾನು ಹೇಳ್ತೀನಿ" ಅಂದೆ. ಹಿಂದಿನ ಪುಲ್ಲಿ ಅಗಲಿಸಲು ಅವನು ಮೂರು ಸಲ ಒದ್ದಾಡಿದ. ನಾಲ್ಕನೇ ಸಲಕ್ಕೆ ಬೆಲ್ಟ್ ಒಳಕ್ಕಿಳಿಯಿತು. ನಟ್‌ಗೆ ಸ್ಪ್ಯಾನರ್ ಹಾಕಿದವನು ಹಾಗೇ ನಿಂತು, ಬೆಲ್ಟಿನ ಕೆಳಗೆ ಬೆರಳು ಹಾಕಿ ನನ್ನ ಮುಖ ನೋಡಿದ.

"ಸಡಿಲ ಇದೆ ಅಣ್ಣ."

"ಹಾಗಾದ್ರೆ ಬಿಗಿ ಮಾಡು."