ಸಾಲದ ಬಾಕಿಯ ಲೆಕ್ಕದಲ್ಲಿ ವೈಲ್ ಲೂಪ್ ಕಲಿತ ಬಗೆ

ನಾನು ಓದಿದ್ದು ವಾಣಿಜ್ಯ. ಕೆಲಸ ಮಾಡುವುದು ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಪತ್ರ ವಿಭಾಗದಲ್ಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ತೊಡಗಿದಾಗ, ಕೋಡಿನ ಕೆಲವು ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಲೂಪ್‌ಗಳಲ್ಲಿ ಫಾರ್ ಲೂಪ್ ಬೇಗ ಕೈಗೆ ಹತ್ತಿತು, ಏಕೆಂದರೆ ಎಷ್ಟು ಸಲ ಸುತ್ತಬೇಕೆಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ. ಒಂದು ಕಂಡಿಷನ್ (ಷರತ್ತು) ನಿಜವಾಗಿರುವವರೆಗೆ ಸುತ್ತುವ ವೈಲ್ ಲೂಪ್ ಏಕೆ ಬೇಕೆಂಬುದು ಸ್ಪಷ್ಟವಾದದ್ದು ಮಾತ್ರ ನಮ್ಮ ಸದಸ್ಯರು ಪದೇ ಪದೇ ಕೇಳುವ ಎರಡು ಪ್ರಶ್ನೆಗಳಿಂದ: ಇಟ್ಟ ಠೇವಣಿ ಯಾವಾಗ ದುಪ್ಪಟ್ಟಾಗುತ್ತದೆ, ತಿಂಗಳಿಗೆ ಇಷ್ಟು ಕಟ್ಟಿದರೆ ಸಾಲ ಯಾವಾಗ ತೀರುತ್ತದೆ? ಈ ಎರಡರಲ್ಲೂ ಸುತ್ತುಗಳ ಸಂಖ್ಯೆಯೇ ನಾವು ಹುಡುಕುತ್ತಿರುವ ಉತ್ತರ; ಅದನ್ನು ಮೊದಲೇ ಕೊಡಲು ಸಾಧ್ಯವಿಲ್ಲ.

ಠೇವಣಿಯ ಲೆಕ್ಕವನ್ನು ಮೊದಲು ಕೈಗೆತ್ತಿಕೊಂಡೆ. ಮೊತ್ತ ಒಂದು ಲಕ್ಷ, ವರ್ಷ ಸೊನ್ನೆ ಎಂದು ಆರಂಭಿಸಿ, ಮೊತ್ತವು ಎರಡು ಲಕ್ಷಕ್ಕಿಂತ ಕಡಿಮೆ ಇರುವವರೆಗೆ ಅದಕ್ಕೆ ಒಂದು ವರ್ಷದ ಬಡ್ಡಿ ಸೇರಿಸುವುದು, ವರ್ಷಕ್ಕೆ ಒಂದು ಕೂಡುವುದು. ಲೂಪಿನ ಒಳಗೆ ಇರುವುದು ಈ ಎರಡೇ ಸಾಲುಗಳು. ಶೇಕಡ 7ರ ವಾರ್ಷಿಕ ಚಕ್ರಬಡ್ಡಿಗೆ ಉತ್ತರ 11 ವರ್ಷ. ಶೇಕಡ 8ಕ್ಕೆ ಬಂದ ಉತ್ತರ ಹೆಚ್ಚು ಸ್ವಾರಸ್ಯಕರವಾಗಿತ್ತು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಪ್ಪಟ್ಟಾಗುವ ವರ್ಷ ಸಿಗುತ್ತದೆ ಎಂಬ ಬಾಯಿಲೆಕ್ಕದ ಪ್ರಕಾರ 9 ವರ್ಷ ಸಾಕು. ಲೂಪ್ ಹೇಳಿದ್ದು 10. ಪ್ರತಿ ಸುತ್ತಿನ ಮೊತ್ತವನ್ನು ಮುದ್ರಿಸಿ ನೋಡಿದಾಗ ಒಂಬತ್ತನೆಯ ವರ್ಷದ ಕೊನೆಗೆ 1,99,900 ರೂಪಾಯಿ 46 ಪೈಸೆ ಇತ್ತು. ನೂರು ರೂಪಾಯಿಯಷ್ಟು ಕಡಿಮೆ ಇದ್ದುದರಿಂದ ಕಂಡಿಷನ್ ಇನ್ನೂ ನಿಜವಾಗಿಯೇ ಉಳಿದು, ಮತ್ತೊಂದು ಸುತ್ತು ನಡೆದಿತ್ತು. ವೈಲ್ ಲೂಪ್ ಪ್ರತಿ ಸುತ್ತಿನ ಆರಂಭದಲ್ಲಿ ಮಾತ್ರ ಕಂಡಿಷನ್ ಪರೀಕ್ಷಿಸುತ್ತದೆ, ನಡುವೆ ಅಲ್ಲ ಎಂಬ ನಿಯಮ ನನ್ನ ಮನಸ್ಸಿನಲ್ಲಿ ನಿಂತದ್ದು ಈ ಸಾಲಿನಿಂದ. ಆರಂಭದಲ್ಲೇ ಮೊತ್ತ ಎರಡು ಲಕ್ಷ ಮೀರಿದ್ದರೆ ಒಳಗಿನ ಸಾಲುಗಳು ಒಮ್ಮೆಯೂ ನಡೆಯುವುದಿಲ್ಲ ಎಂಬುದೂ ಇದೇ ನಿಯಮದ ಇನ್ನೊಂದು ಮುಖ.

ಹೀಗೆ ಸುತ್ತುಸುತ್ತಿನ ಬೆಲೆಗಳನ್ನು ಬರೆದು ನೋಡುವುದಕ್ಕೆ ಡ್ರೈ ರನ್ ಎನ್ನುತ್ತಾರೆ. ಲೆಡ್ಜರ್ ಬರೆದು ರೂಢಿಯಿದ್ದವರಿಗೆ ಇದು ಹೊಸದೇನಲ್ಲ: ಪ್ರತಿ ವೇರಿಯಬಲ್‌ಗೆ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರಿಗೆ) ಒಂದು ಕಾಲಂ, ಪ್ರತಿ ಸುತ್ತಿಗೆ ಒಂದು ಸಾಲು. (ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಬಾಕಿ, ಕಂತು ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಕಲಿಯುವ ಹಂತದಲ್ಲಿ ನಾನು ಹಾಗೆಯೇ ಮಾಡುತ್ತಿದ್ದೆ.)

ಸಾಲದ ಲೆಕ್ಕದಲ್ಲಿ ಕಲಿಯಲು ಇನ್ನೂ ಹೆಚ್ಚಿತ್ತು. ಒಂದು ಲಕ್ಷ ಸಾಲ, ತಿಂಗಳಿಗೆ ಶೇಕಡ 1ರ ಬಡ್ಡಿ, 2,000 ರೂಪಾಯಿ ಕಂತು ಎಂದಿಟ್ಟುಕೊಳ್ಳೋಣ. ಬಾಕಿ ಸೊನ್ನೆಗಿಂತ ಹೆಚ್ಚಿರುವವರೆಗೆ ಬಡ್ಡಿ ಕೂಡಿ, ಕಂತು ಕಳೆದು, ತಿಂಗಳನ್ನು ಒಂದು ಹೆಚ್ಚಿಸಬೇಕು. ಲೂಪ್ 70 ತಿಂಗಳಿಗೆ ನಿಂತಿತು. ಆದರೆ ಬಾಕಿ ಸೊನ್ನೆಗೆ ಬರದೆ, ಸೊನ್ನೆಯ ಕೆಳಗೆ ಸುಮಾರು 676 ರೂಪಾಯಿಗೆ ಇಳಿದಿತ್ತು. ಸದಸ್ಯರಿಂದ ಹೆಚ್ಚು ಹಣ ಪಡೆದಂತಾಯಿತು ಎಂಬುದು ಇದರ ಅರ್ಥ. ಹಾಗಾಗಿ ಕಂತು ಮತ್ತು ಬಡ್ಡಿ ಸೇರಿದ ಬಾಕಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಳೆಯುವಂತೆ ಬರೆದೆ; ಕೊನೆಯ ಕಂತು 1,323 ರೂಪಾಯಿಯ ಆಸುಪಾಸಿಗೆ ಬಂತು.

ಕಂತನ್ನು 1,000 ಎಂದು ಕೊಟ್ಟು ನೋಡುವುದು ಕಲಿಯುವವರು ಬೇಕೆಂದೇ ಮಾಡಬೇಕಾದ ಪ್ರಯೋಗ. ಮೊದಲ ತಿಂಗಳ ಬಡ್ಡಿಯೂ ಸರಿಯಾಗಿ 1,000 ರೂಪಾಯಿ, ಆದ್ದರಿಂದ ಬಾಕಿ ಕದಲದೆ ಒಂದು ಲಕ್ಷದಲ್ಲೇ ನಿಲ್ಲುತ್ತದೆ, ಪ್ರೋಗ್ರಾಂ ಮುಗಿಯುವುದೇ ಇಲ್ಲ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಬೇಕಾಗುತ್ತದೆ. ಇಲ್ಲಿ ಕೋಡಿನ ಒಂದು ಅಕ್ಷರವೂ ತಪ್ಪಿಲ್ಲ, ಸಾಲವೇ ತೀರುವಂಥದ್ದಲ್ಲ. ಕೊನೆಯಿಲ್ಲದ ಲೂಪ್ ಎಂದರೆ ಯಾವಾಗಲೂ ಮರೆತುಹೋದ ಒಂದು ಸಾಲಿನ ಫಲ ಎಂದು ಹೇಳಿಕೊಡುವವರ ಮಾತು ಅರ್ಧ ಮಾತ್ರ ಸರಿ ಎಂದು ನನಗೆ ಅನಿಸುವುದು ಇದಕ್ಕೇ. ಲೂಪ್ ಬರೆಯುವ ಮೊದಲೇ, ಪ್ರತಿ ಸುತ್ತಿನಲ್ಲಿ ಯಾವ ಬೆಲೆ ಕಡಿಮೆಯಾಗುತ್ತದೆ, ಅದು ಕಡಿಮೆಯಾಗುತ್ತದೆಂದು ಯಾವ ಭರವಸೆ ಇದೆ ಎಂದು ಕಾಗದದ ಮೇಲೆ ಬರೆದುಕೊಳ್ಳುವ ಅಭ್ಯಾಸ ನನಗೆ ಅಂಟಿದ್ದೂ ಇಲ್ಲಿಂದಲೇ. ನಮ್ಮ ಲೆಕ್ಕದಲ್ಲಿ ಆ ಭರವಸೆ, ಕಂತು ಮೊದಲ ತಿಂಗಳ ಬಡ್ಡಿಗಿಂತ ಹೆಚ್ಚಿರಬೇಕು ಎಂಬುದು. ಲೂಪಿಗಿಂತ ಮೊದಲೇ ಒಂದು ಇಫ್ (ಷರತ್ತನ್ನು ಒಮ್ಮೆ ಮಾತ್ರ ನೋಡುವ ಸಾಲು) ಇಟ್ಟು ಅದನ್ನು ಪರೀಕ್ಷಿಸಿ, ಇಲ್ಲವಾದರೆ ಈ ಕಂತಿಗೆ ಸಾಲ ತೀರುವುದಿಲ್ಲ ಎಂಬ ಸಂದೇಶ ಕೊಡುವಂತೆ ಮಾಡಿದೆ.

ಮರೆತ ಸಾಲಿನ ತೊಂದರೆಯೂ ಉಂಟು, ಅದರಲ್ಲೂ ಪೈಥಾನಿನಲ್ಲಿ, ಏಕೆಂದರೆ ಯಾವ ಸಾಲು ಲೂಪಿನ ಒಳಗಿದೆ ಎಂಬುದನ್ನು ಎಡಭಾಗದ ಖಾಲಿ ಜಾಗವೇ ನಿರ್ಧರಿಸುತ್ತದೆ. ತಿಂಗಳು ಹೆಚ್ಚಿಸುವ ಸಾಲು ಹೊರಗೆ ಬಂದರೆ ಎಪ್ಪತ್ತು ಕಂತಿನ ಸಾಲಕ್ಕೂ ಉತ್ತರ 1 ಎಂದೇ ಬರುತ್ತದೆ. ಬಾಕಿ ಕಡಿಮೆ ಮಾಡುವ ಸಾಲು ಹೊರಗೆ ಬಂದರೆ ಲೂಪ್ ನಿಲ್ಲುವುದಿಲ್ಲ.

ಕಂಡಿಷನ್ನಿನಲ್ಲಿ ಬಾಕಿ ಸೊನ್ನೆಗೆ ಸಮವಲ್ಲದಿರುವವರೆಗೆ ಎಂದು ಬರೆಯಬಾರದು, ಸೊನ್ನೆಗಿಂತ ಹೆಚ್ಚಿರುವವರೆಗೆ ಎಂದೇ ಬರೆಯಬೇಕು. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಅಂಕಿಗಳಲ್ಲಿ ಮಾತ್ರ, ಇಡುವುದರಿಂದ 0.1ರಂಥ ಸಂಖ್ಯೆ ಅಲ್ಲಿ ನಿಖರವಾಗಿ ಕೂರುವುದಿಲ್ಲ. ಸೊನ್ನೆಗೆ 0.1ನ್ನು ಹತ್ತು ಸಲ ಒಂದೊಂದಾಗಿ ಕೂಡಿದರೆ ಪೈಥಾನ್ ತೋರಿಸುವುದು 0.9999999999999999, ಒಂದಕ್ಕೆ ಸಮನಾದಾಗ ನಿಲ್ಲು ಎಂದು ಬರೆದ ಲೂಪ್ ಅದನ್ನು ದಾಟಿಕೊಂಡು ಮುಂದೆ ಓಡುತ್ತದೆ. ಹಣದ ಲೆಕ್ಕದಲ್ಲಿ ಮೊತ್ತವನ್ನು ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ಇನ್ನೂ ಕ್ಷೇಮ.

ಇವಕ್ಕೆಲ್ಲ ಸೂತ್ರಗಳಿವೆಯಲ್ಲ, ಲೂಪ್ ಏಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಂತು ಒಂದೇ ಸಮನಾಗಿದ್ದರೆ ಸೂತ್ರ ಸಾಕು. ಆದರೆ ನಮ್ಮ ಸದಸ್ಯರಲ್ಲಿ ಅನೇಕರು ಬೆಳೆ ಮಾರಿದಾಗ ಒಮ್ಮೆಗೇ ಹೆಚ್ಚು ಕಟ್ಟುತ್ತಾರೆ. ತಿಂಗಳ ಸಂಖ್ಯೆ 12ರಿಂದ ನಿಶ್ಶೇಷವಾಗಿ ಭಾಗವಾದರೆ ಕಂತಿನ ನಂತರ 10,000 ರೂಪಾಯಿಯವರೆಗೆ ಹೆಚ್ಚುವರಿಯಾಗಿ ಕಳೆಯುವ ಒಂದು ಇಫ್ ಅನ್ನು ಅದೇ ಲೂಪಿನ ಒಳಗೆ ಸೇರಿಸಿದೆ. ಎಪ್ಪತ್ತು ತಿಂಗಳ ಸಾಲ 48ಕ್ಕೆ ತೀರಿತು, ಕೊನೆಯ ವರ್ಷದ ಹೆಚ್ಚುವರಿಯಲ್ಲಿ ಬೇಕಾದದ್ದು ಸುಮಾರು 504 ರೂಪಾಯಿ ಮಾತ್ರ.