ಗುಡ್ಡದಾಚೆಯ ಟವರ್ ಹಿಡಿದು ಮಳೆಗಾಲ ದಾಟಿಸಿದ ನನ್ನ ನೆಟ್

ಈ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಆಫೀಸಿನ ನೆಟ್ ಕೆಲಸದ ಹೊತ್ತಿನಲ್ಲಿ ಕಾಲು ಗಂಟೆಗಿಂತ ಜಾಸ್ತಿ ನಿಂತಿದ್ದು ನನಗೆ ನೆನಪಿಲ್ಲ. ಆಫೀಸು ಅಂದರೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆ, ಅಡಿಕೆ ತೋಟದ ತಲೆಯಲ್ಲಿರುವ ನಮ್ಮ ಮನೆಯ ಜಗಲಿ ಪಕ್ಕದ ಕೋಣೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ. ಇಂಥ ಜಾಗದಲ್ಲಿ ನೆಟ್ ನಿಲ್ಲದೆ ಓಡಿತು ಅಂದರೆ ಈ ಕಡೆಯವರು ಸುಲಭಕ್ಕೆ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಟ್ಯಾಕ್ಸ್ ಪ್ರಾಕ್ಟೀಸ್. ದಿನಸಿ ಅಂಗಡಿ, ಅಡಿಕೆ ವ್ಯಾಪಾರಿಗಳು, ಸಣ್ಣ ಕಂಟ್ರಾಕ್ಟರುಗಳು, ಒಂದೆರಡು ಹೋಮ್‌ಸ್ಟೇ, ಇವರೇ ನನ್ನ ಪಾರ್ಟಿಗಳು, ಅಂದರೆ ಗ್ರಾಹಕರು. ಸ್ಪೀಡ್ ಎಷ್ಟು ಬರುತ್ತೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ರಿಟರ್ನ್ ಹಾಕಲು 5 ಎಂಬಿಪಿಎಸ್ ಧಾರಾಳ ಸಾಕು. ನಿಲ್ಲಬಾರದು, ಅಷ್ಟೇ. ತಿಂಗಳ 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಜುಲೈ ಬಂದರೆ ಜೊತೆಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನುಗಳು. ಇವೆಲ್ಲ ಒಟ್ಟಿಗೆ ತಲೆ ಮೇಲೆ ಕೂರುವ ಜುಲೈ ತಿಂಗಳಲ್ಲೇ ನಮ್ಮಲ್ಲಿ ಮರಗಳು ತಂತಿ ಮೇಲೆ ಬೀಳುವುದು. ಜಿಎಸ್‌ಟಿ ತಪ್ಪಿದರೆ ಒಂದು ರಿಟರ್ನಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ಅದರ ಮೇಲೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ. ಹಿಂದಿನ ವರ್ಷ ಪಾರ್ಟಿಗಳ ಲೇಟ್ ಫೀ ಅಂತ ನನ್ನ ಕೈಯಿಂದ ಹೋಗಿದ್ದೇ ಏಳೆಂಟು ಸಾವಿರ ಇರಬಹುದು. ದುಡ್ಡಿಗಿಂತ ಹೆಸರು ಹೋಗುವುದು ಜಾಸ್ತಿ ನೋವು.

ಫೈಬರ್ ಇತ್ತು. ಈಗಲೂ ಇದೆ. ತಿಂಗಳಿಗೆ ಟ್ಯಾಕ್ಸ್ ಸೇರಿ ಏಳುನೂರು ಚಿಲ್ಲರೆ. ಡಾಂಬರು ರಸ್ತೆಯಿಂದ ಮನೆವರೆಗೆ ಕೇಬಲ್ ಎಳೆಸಲು ಹನ್ನೆರಡು ಸಾವಿರದ ಹತ್ತಿರ ಕೊಟ್ಟಿದ್ದೆ, ಅರ್ಧ ದಾರಿ ಕಂಬ, ಉಳಿದಿದ್ದು ಅಡಿಕೆ ಮರ. ಬೇಸಿಗೆಯಲ್ಲಿ ಬಂಗಾರದಂಥ ಲೈನ್. ಮಳೆಗಾಲದಲ್ಲಿ ಎಲ್ಲೋ ಎರಡು ಕಿಲೋಮೀಟರ್ ಆಚೆ ಒಂದು ಕೊಂಬೆ ಬಿದ್ದರೆ ಓಎನ್‌ಯುನಲ್ಲಿ (ಮನೆಯೊಳಗಿನ ಫೈಬರ್ ಡಬ್ಬಿ) ಸಿಗ್ನಲ್ ಇಲ್ಲ ಅನ್ನುವ ಎಲ್‌ಓಎಸ್ ಕೆಂಪು ದೀಪ. ಜಾಯಿಂಟ್ ಹಾಕುವ ಹುಡುಗ ಒಬ್ಬನೇ, ಹಳ್ಳಿಗಳು ಮೂವತ್ತು. ಅವನನ್ನು ಬೈದು ಪ್ರಯೋಜನವಿಲ್ಲ.

ಎಲ್ಲರೂ ಕೊಟ್ಟ ಸಲಹೆ ಒಂದೇ: ಇನ್ನೊಂದು ಕಂಪನಿಯ ಫೈಬರ್ ತಗೋ, ಒಂದು ಹೋದರೆ ಇನ್ನೊಂದು ಇರುತ್ತೆ. ನಾನು ರಸ್ತೆಗೆ ಹೋಗಿ ಕಂಬ ನೋಡಿದೆ. ಎರಡೂ ಕಂಪನಿಯ ಕೇಬಲ್ ಒಂದೇ ಕಂಬದ ಮೇಲೆ, ಒಂದಕ್ಕೊಂದು ಗೇಣು ದೂರದಲ್ಲಿ, ಒಂದೇ ನಂದಿ ಮರದ ಕೆಳಗೆ ಹೋಗುತ್ತಿದ್ದವು. ಮರ ಬಿದ್ದರೆ ಎರಡೂ ಹೋಗುತ್ತವೆ. ಬಿಲ್ ಮಾತ್ರ ಎರಡು ಬರುತ್ತೆ.

ಹಿಂದಿನ ವರ್ಷ ಒಂದು ಪುಸ್ತಕ ಇಟ್ಟೆ. ಏನು ಹೋದರೂ ಬರೆಯುವುದು. ಫೈಬರ್ ಹೋದ ಹೊತ್ತು, ಬಂದ ಹೊತ್ತು, ಕರೆಂಟ್ ಹೋದ ಹೊತ್ತು, ಮೊಬೈಲ್ ಡೇಟಾ ಹೋದ ಹೊತ್ತು. ಯಾರೇ ಏನೇ ಸಾಮಾನು ಕೊಳ್ಳುವ ಮೊದಲು ಈ ಕೆಲಸ ಮಾಡಿ, ಇದಕ್ಕೆ ಖರ್ಚಿಲ್ಲ. ಅದರಲ್ಲಿ ಕಂಡಿದ್ದೇನು ಅಂದರೆ, ಫೈಬರ್ ಹೋದಾಗಲೆಲ್ಲ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹತ್ತಿರದ ಟವರಿನ ಡೇಟಾನೂ ಹೋಗಿತ್ತು. ಮೊಬೈಲಿನಲ್ಲಿ ಕಡ್ಡಿ ನಾಲ್ಕೂ ತುಂಬಿರುತ್ತಿದ್ದವು, 4ಜಿ ಅಂತಲೂ ತೋರಿಸುತ್ತಿತ್ತು, ಒಂದು ವಾಟ್ಸಾಪ್ ಮೆಸೇಜ್ ಹೋಗುತ್ತಿರಲಿಲ್ಲ. ಕಡ್ಡಿ ಹೇಳುವುದು ಮೊಬೈಲಿಗೂ ಟವರಿಗೂ ನಡುವಿನ ಸಂಗತಿ. ಟವರಿನಿಂದ ಆಚೆ ಆ ಡೇಟಾ ಹೋಗುವುದು ಯಾವುದರ ಮೇಲೆ? ಅದೇ ರಸ್ತೆ, ಅದೇ ಕಂಬ. ಡಾಂಗಲ್ ಇಟ್ಟುಕೊಂಡು ಬ್ಯಾಕಪ್ ಇದೆ ಅಂದುಕೊಂಡವರೆಲ್ಲ ಒಂದೇ ಕೇಬಲ್ಲಿಗೆ ಎರಡು ಸಲ ದುಡ್ಡು ಕಟ್ಟುತ್ತಿದ್ದಾರೆ.

ಹಾಗಾಗಿ ನನಗೆ ಬೇಕಾಗಿದ್ದು ಬೇರೆ ದಾರಿಯಲ್ಲಿ ಸಾಯುವ ಕನೆಕ್ಷನ್. ಗುಡ್ಡದ ಆಚೆ ಕೊಪ್ಪ ತಾಲ್ಲೂಕಿನ ಕಡೆ ಒಂದು ಟವರ್ ಇದೆ. ಟವರ್ ಎಲ್ಲೆಲ್ಲಿದೆ ಅಂತ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಬೈಕ್ ಹಾಕಿಕೊಂಡು ಹೋಗಿ ಕೆಳಗೆ ನಿಂತು ನೋಡಿದೆ. ಮೇಲೆ ಉದ್ದುದ್ದ ಆಂಟೆನಾ ಜೊತೆಗೆ ಡೋಲಿನ ಹಾಗೆ ದುಂಡಗಿರುವ ಬಿಳಿ ಡಿಶ್ ಇತ್ತು, ನಮ್ಮ ರಸ್ತೆಗೆ ಪೂರ್ತಿ ವಿರುದ್ಧ ದಿಕ್ಕಿಗೆ ಮುಖ ಮಾಡಿಕೊಂಡು. ಅದು ಮೈಕ್ರೋವೇವ್ ಲಿಂಕ್, ಅಂದರೆ ಟವರಿನ ಡೇಟಾ ಕೇಬಲ್ ಇಲ್ಲದೆ ಗಾಳಿಯಲ್ಲೇ ಇನ್ನೊಂದು ಟವರಿಗೆ ಹೋಗುವ ದಾರಿ. ಕೆಳಗೆ ಸುತ್ತಿ ನೋಡಿದರೂ ಫೈಬರ್ ಒಳಗೆ ಹೋಗುವ ಜಾಗ ಕಾಣಲಿಲ್ಲ. ಕರೆಂಟ್ ಬರುವುದು ಬೇರೆ ಸಬ್‌ಸ್ಟೇಷನ್‌ನಿಂದ, ಜನರೇಟರ್ ಇದೆ, ಡೀಸೆಲ್ ತರುವವರ ಹತ್ತಿರ ಮಾತಾಡಿದರೆ ತಪ್ಪದೆ ಹಾಕುತ್ತೇವೆ ಅಂದರು. ನನಗೆ ಅಷ್ಟು ಸಾಕಾಯಿತು.

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ನಮ್ಮ ಭಾವನಿಗೆ ಫೋನ್ ಮಾಡಿದೆ. "ಎಂತ ಮಾರಾಯ, ಹತ್ತಿರದ ಟವರ್ ಬಿಟ್ಟು ಗುಡ್ಡದಾಚೆದು ಹಿಡಿತೀನಿ ಅಂತೀಯಲ್ಲ, ನೂರಾ ಹದಿನೈದು ಸಿಗ್ನಲ್ಲಿನಲ್ಲಿ ಏನು ಬರುತ್ತೆ" ಅಂದ. ಸಿಗ್ನಲ್ ಲೆಕ್ಕ ಮೈನಸ್ ಡಿಬಿಎಂನಲ್ಲಿ, ನಂಬರು ಸಣ್ಣದಾದಷ್ಟೂ ಸಿಗ್ನಲ್ ಒಳ್ಳೆಯದು. ಜಾಯಿಂಟ್ ಹುಡುಗ "ಅಣ್ಣ, ಬೂಸ್ಟರ್ ಹಾಕ್ಸಿ, ಮೂರು ಸಾವಿರಕ್ಕೆ ಸಿಗುತ್ತೆ" ಅಂದ. ಬೂಸ್ಟರನ್ನು ನಾವು ಸ್ವಂತಕ್ಕೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ ಅದು ಹತ್ತಿರದ ಟವರನ್ನೇ ಇನ್ನೂ ಜೋರಾಗಿ ತರುತ್ತದೆ, ನನಗೆ ಬೇಡವಾಗಿದ್ದೇ ಅದು.

ಎಷ್ಟು ಎತ್ತರಕ್ಕೆ ಹೋದರೆ ಆ ಟವರ್ ಸಿಗುತ್ತೆ ಅನ್ನೋದು ಪ್ರಶ್ನೆ. ಅಡಿಕೆ ಕೊನೆ ತೆಗೆಯಲು ಬಂದವರ ಹತ್ತಿರ ಕಾರ್ಬನ್ ದೋಟಿ, ಅಂದರೆ ಗಣ್ಣುಗಣ್ಣಾಗಿ ಉದ್ದ ಮಾಡುವ ಕೊಯ್ಲಿನ ಕೋಲು ಇತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದನ್ನು ಕೇಳಿ ತಗೊಂಡು, ತುದಿಗೆ ಹಳೆ ಮೊಬೈಲನ್ನು ಸೈಕಲ್ ಟ್ಯೂಬಿನಲ್ಲಿ ಬಿಗಿದು, ಸಿಗ್ನಲ್ ಬರೆದಿಡುವ ಆ್ಯಪ್ ಓಡಿಸಿ, ಒಂದೊಂದೇ ಗಣ್ಣು ಮೇಲಕ್ಕೆ ಬಿಟ್ಟೆವು. ಒಂದೊಂದು ಎತ್ತರದಲ್ಲಿ ಎರಡು ನಿಮಿಷ ನಿಲ್ಲಿಸುವುದು. ಅಂಗಳದಲ್ಲಿ ನೆಲದ ಮೇಲೆ ಮೈನಸ್ 116. ಇಪ್ಪತ್ತು ಅಡಿಯಲ್ಲೂ ಹೆಚ್ಚು ಸುಧಾರಿಸಲಿಲ್ಲ. ಕೊಟ್ಟಿಗೆ ಹಿಂದಿನ ದಿಣ್ಣೆ ಮೇಲೆ ನಿಂತು ಅದೇ ಇಪ್ಪತ್ತು ಅಡಿಗೆ ಎತ್ತಿದರೆ 104, 103. ಮನೆ ಸೂರಿಗಿಂತ ಕೊಟ್ಟಿಗೆ ದಿಣ್ಣೆ ಒಳ್ಳೆಯದು ಅಂತ ಯಾವ ಇಂಜಿನಿಯರ್ ಬಂದರೂ ಹೇಳುತ್ತಿರಲಿಲ್ಲ, ದೋಟಿ ಹೇಳಿತು. ಅದು ಅದೇ ಟವರ್ ಅಂತ ಗೊತ್ತು ಮಾಡಿಕೊಳ್ಳುವುದು ಮುಖ್ಯ: ಆ್ಯಪ್‌ನಲ್ಲಿ ಬರುವ ದೊಡ್ಡ ಸೆಲ್ ಐಡಿ ನಂಬರನ್ನು 256ರಿಂದ ಭಾಗಿಸಿದರೆ ಪೂರ್ಣಾಂಕ ಟವರಿನ ನಂಬರು, ಉಳಿದ ಶೇಷ ಅದರ ಸೆಕ್ಟರ್, ಅಂದರೆ ಟವರಿನ ಯಾವ ಮುಖ ಅನ್ನುವುದು. ಟವರಿನ ಕೆಳಗೆ ನಿಂತಾಗ ಆ ನಂಬರು ಬರೆದುಕೊಂಡಿದ್ದೆ.

ನಮ್ಮ ಪುಣ್ಯಕ್ಕೆ ಅದು ಬ್ಯಾಂಡ್ 5, ಅಂದರೆ 850 ಮೆಗಾಹರ್ಟ್ಸ್. ಕಮ್ಮಿ ಫ್ರೀಕ್ವೆನ್ಸಿಯಾದ್ದರಿಂದ ಗುಡ್ಡದ ಅಂಚು ಬಳಸಿ ಸ್ವಲ್ಪ ಬಗ್ಗಿ ಬರುತ್ತದೆ. 2300ರ ಬ್ಯಾಂಡ್ 40 ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಾಮಾನು: ಸಿಮ್ ಹಾಕುವ ಹೊರಾಂಗಣ 4ಜಿ ರೂಟರ್ ಏಳು ಸಾವಿರದ ಆಸುಪಾಸು. ಒಂದೇ ದಿಕ್ಕಿನ ಸಿಗ್ನಲ್ ಹಿಡಿಯುವ ಎಲ್‌ಪಿಡಿಎ ಆಂಟೆನಾ ಎರಡು, ಒಂದು ಆ ಕಡೆ ಒಂದು ಈ ಕಡೆ 45 ಡಿಗ್ರಿ ವಾಲಿಸಿ, ಎರಡಕ್ಕೂ ಸೇರಿ ನಾಲ್ಕೂವರೆ. ಜಿಐ ಪೈಪು, ಕಾಂಕ್ರೀಟು, ಸ್ಟೇ ವಯರು, ಕೂಲಿ ಎಲ್ಲ ಸೇರಿ ಎಂಟು. ಆಂಟೆನಾದಿಂದ ಮನೆವರೆಗೆ ಉದ್ದ ಕೇಬಲ್ ಎಳೆಯುವವರನ್ನು ನೋಡಿದ್ದೇನೆ. ತೆಳ್ಳಗಿನ ಕೇಬಲ್ ಹತ್ತು ಮೀಟರ್ ಓಡುವಷ್ಟರಲ್ಲಿ ಆಂಟೆನಾ ಗಳಿಸಿದ್ದರಲ್ಲಿ ಅರ್ಧ ತಿಂದು ಹಾಕುತ್ತದೆ. ರೂಟರನ್ನೇ ಪೈಪಿನ ಮೇಲೆ, ಆಂಟೆನಾ ಬುಡದಲ್ಲೇ ಡಬ್ಬಿಯಲ್ಲಿ ಕೂರಿಸಿದೆ. ಕೇಬಲ್ ಒಂದು ಮೊಳ ಇಲ್ಲ. ಸಿಗ್ನಲ್ 95ರ ಹತ್ತಿರ ನಿಂತಿತು. ಸ್ಪೀಡ್ ಬೆಳಗ್ಗೆ 15, ಸಂಜೆ 9-10. ಹತ್ತಿರದ ಟವರಿನಲ್ಲಿ ಊರಿನ ಹುಡುಗರೆಲ್ಲ ಸಂಜೆ ಕ್ರಿಕೆಟ್ ನೋಡಲು ಕೂತಾಗ ಬರುತ್ತಿದ್ದದ್ದು ಒಂದೋ ಎರಡೋ. ಭಾವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ, ಅವನು ಉತ್ತರ ಕೊಡಲು ಎರಡು ದಿನ ತಗೊಂಡ.

ಬ್ಯಾಂಡ್ ಲಾಕ್ ಮಾಡುವುದು, ಅಂದರೆ ರೂಟರ್ ಒಂದೇ ಬ್ಯಾಂಡ್ ಹಿಡಿಯುವ ಹಾಗೆ ಇಡುವುದು ಎಲ್ಲರಿಗೂ ಗೊತ್ತು. ಹತ್ತಿರದ ಟವರಿನಲ್ಲೂ ಅದೇ ಬ್ಯಾಂಡ್ ಇರುವಾಗ ರೂಟರನ್ನು ದೂರದ್ದಕ್ಕೇ ಕಟ್ಟಿಹಾಕುವುದು ಬೇರೆ ವಿದ್ಯೆ, ಅದನ್ನು ಇಲ್ಲಿ ಬರೆಯಲ್ಲ. ಆಂಟೆನಾದ ಹಿಂದುಗಡೆ ಒಂದು ಸಾಮಾನು ಕಟ್ಟಿದ್ದೇನೆ, ಅದರಿಂದ ಹತ್ತಿರದ ಟವರಿನ ಗಲಾಟೆ ತಗ್ಗಿ ಎಸ್‌ಐಎನ್‌ಆರ್ (ಗಲಾಟೆಯ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಅನ್ನುವ ಅಳತೆ) ನಾಲ್ಕರಿಂದ ಹನ್ನೊಂದಕ್ಕೆ ಏರಿತು. ಅದೇನು ಅಂತ ನೋಡಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿದು ಹೋಗಿ.

ಇದಕ್ಕೂ ಮೊದಲು ಪೇಟೆ ಕಡೆ ಇರುವ ಚಿಕ್ಕಪ್ಪನ ಮನೆಯಿಂದ ವೈರ್‌ಲೆಸ್ ಲಿಂಕ್ ತರುವ ಪ್ರಯೋಗ ನಡೆದಿತ್ತು. 5 ಗಿಗಾಹರ್ಟ್ಸ್ ಹೊರಾಂಗಣಕ್ಕೂ 2018ರಿಂದ ಲೈಸೆನ್ಸ್ ಬೇಡ, ರೇಡಿಯೊ ಜೋಡಿ ಎಂಟು ಸಾವಿರದೊಳಗೆ ಸಿಗುತ್ತೆ, ದೂರ ಒಂದು ಕಿಲೋಮೀಟರ್ ಚಿಲ್ಲರೆ. ಫೆಬ್ರವರಿಯಲ್ಲಿ 80 ಎಂಬಿಪಿಎಸ್ ಬಂತು. ಆಗ ನಡುವಿನ ಮತ್ತಿ ಮರಗಳು ಎಲೆ ಉದುರಿಸಿ ನಿಂತಿದ್ದವು. ಜೂನ್‌ನಲ್ಲಿ ಚಿಗುರು ತುಂಬಿ, ಎಲೆ ಒದ್ದೆಯಾಗಿ, ಲಿಂಕ್ ಸತ್ತಿತು. ಕಣ್ಣಿಗೆ ಆಚೆ ಮನೆ ಹೆಂಚು ಕಾಣುತ್ತಿತ್ತು, ಆದರೆ ಅಷ್ಟು ದೂರಕ್ಕೆ ನಡುಮಧ್ಯದಲ್ಲಿ ಆ ನೋಟದ ಗೆರೆಯ ಸುತ್ತ ಮೂರೂವರೆ ಮೀಟರ್ ಜಾಗ ಖಾಲಿ ಇರಬೇಕು. ಆ ರೇಡಿಯೊ ಈಗ ತೋಟದ ಪಂಪ್‌ಹೌಸಿನ ಕ್ಯಾಮೆರಾಕ್ಕೆ ಕೆಲಸ ಮಾಡುತ್ತಿದೆ, ದಂಡವಾಗಲಿಲ್ಲ.

ಸಿಡಿಲಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ದುಡ್ಡು ಹೆಚ್ಚು ಹೋಗಿದ್ದು ಅಲ್ಲೇ. ದಿಣ್ಣೆ ಮೇಲೆ ಕಬ್ಬಿಣದ ಪೈಪು, ಅಲ್ಲಿಂದ ಮನೆಗೆ ತಾಮ್ರದ ಕ್ಯಾಟ್-6 ನೆಟ್‌ವರ್ಕ್ ಕೇಬಲ್. ಏಪ್ರಿಲ್‌ನ ಒಂದು ಸಂಜೆ ಗುಡುಗಿಗೆ ಅದೇ ಕೇಬಲ್ಲಿನಲ್ಲಿ ರೂಟರಿಗೆ ಕರೆಂಟ್ ಕಳಿಸುವ ಪಿಓಇ ಅಡಾಪ್ಟರ್, ನೆಟ್‌ವರ್ಕ್ ಸ್ವಿಚ್ಚು, ಪ್ರಿಂಟರಿನ ನೆಟ್‌ವರ್ಕ್ ಪೋರ್ಟ್ ಮೂರೂ ಹೋದವು. ಸಿಡಿಲು ಬಿದ್ದಿದ್ದು ಪೈಪಿಗಲ್ಲ, ಆಚೆ ಗದ್ದೆಯ ತೆಂಗಿನ ಮರಕ್ಕೆ. ಅರ್ಥಿಂಗ್ ಸರಿ ಮಾಡಿಸಿದರೂ, ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಮೇ ತಿಂಗಳಲ್ಲಿ ಇನ್ನೊಂದು ಸ್ವಿಚ್ಚು ಹೋಯಿತು. ಕೊನೆಗೆ ತಾಮ್ರವನ್ನೇ ಕಿತ್ತು ಹಾಕಿದೆ. ಪೈಪಿನಿಂದ ಮನೆಗೆ ಈಗ ಅರವತ್ತು ಮೀಟರ್ ಫೈಬರ್, ಎರಡು ತುದಿಗೆ ಫೈಬರನ್ನು ಮಾಮೂಲಿ ನೆಟ್‌ವರ್ಕ್ ಪೋರ್ಟಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್, ಜೋಡಿಗೆ ಹದಿನೈದುನೂರು. ಕೇಬಲ್ಲಿನಲ್ಲಿ ಉಕ್ಕಿನ ತಂತಿ ಇರುತ್ತದಲ್ಲ, ಅದನ್ನು ಎರಡೂ ತುದಿಯಲ್ಲಿ ಒಂದು ಮಾರು ಸಿಗಿದು ಕತ್ತರಿಸಿ, ಅದಿಲ್ಲದ ತುಂಡನ್ನು ಮಾತ್ರ ಒಳಗೆ ತಗೊಂಡಿದ್ದೇನೆ. ಮನೆಗೂ ಪೈಪಿಗೂ ನಡುವೆ ಕರೆಂಟ್ ಹರಿಯುವ ವಸ್ತು ಯಾವುದೂ ಸಲೀಸಾಗಿ ಜೋಡಿಸಿಕೊಂಡಿಲ್ಲ. ಅಲ್ಲಿಂದೀಚೆಗೆ ಒಂದು ಸಾಮಾನೂ ಸುಟ್ಟಿಲ್ಲ.

ಹಾಗೆ ಮಾಡಿದ ಮೇಲೆ ಪೈಪಿನ ಬುಡಕ್ಕೆ ಕರೆಂಟ್ ಅಲ್ಲೇ ಬೇಕು. ರೂಟರ್, ಕನ್ವರ್ಟರ್ ಸೇರಿ ಎಂಟೊಂಬತ್ತು ವ್ಯಾಟ್. 40 ವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದೆ, ಜುಲೈನ ಮೋಡದಲ್ಲಿ ಅದು ಏನೂ ಕೊಡಲಿಲ್ಲ. 100 ವ್ಯಾಟಿಗೆ ಏರಿಸಿದೆ, ಆಗಲೂ ಸಾಲಲಿಲ್ಲ. ಈಗ 30 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ಇವೆ. ಒಂದು ಅಲ್ಲಿ, ಒಂದು ಮನೆಯಲ್ಲಿ ಚಾರ್ಜಿಗೆ. ಜಡಿಮಳೆ ಇದ್ದಾಗ ಎರಡು ದಿನಕ್ಕೊಮ್ಮೆ, ಬೆಳಗ್ಗೆ ಹಾಲು ಕರೆಯಲು ಹೋಗುವಾಗ ಬದಲಾಯಿಸುತ್ತೇವೆ. ಮನೆಯವಳಿಗೂ ಬರುತ್ತೆ, ಪ್ಲಗ್ ತಿರುಗಿಸಿ ಹಾಕಲು ಆಗದ ಹಾಗೆ ಕನೆಕ್ಟರ್ ಇಟ್ಟಿದ್ದೇನೆ. ಈ ಬ್ಯಾಟರಿಗಳಿಗೇ ಹತ್ತು ಸಾವಿರ. ಸುಟ್ಟಿದ್ದೆಲ್ಲ ಸೇರಿಸಿದರೆ ಒಟ್ಟು ಖರ್ಚು ನಲವತ್ತು ಸಾವಿರ ದಾಟುತ್ತೆ. ನಮಗೇ ಮೀಸಲಾದ ಲೀಸ್ಡ್ ಲೈನಿಗೆ ಕೇಳಿದಾಗ ವರ್ಷಕ್ಕೆ ಲಕ್ಷದ ಮೇಲೆ ಹೇಳಿದ್ದರು, ಅದೂ ಅದೇ ಕಂಬದ ಮೇಲೆ ಬರುವಂಥದ್ದು.

ಎರಡು ಲೈನನ್ನು ಸೇರಿಸಲು ಡ್ಯುಯಲ್ ವ್ಯಾನ್ ರೂಟರ್ ಇದೆ. ಇದರಲ್ಲಿ ಎರಡು ಮಾತು. ಲಿಂಕ್ ಇದೆಯಾ ಅಂತ ಪೋರ್ಟ್ ನೋಡಿ ತೀರ್ಮಾನ ಮಾಡುವ ಸೆಟ್ಟಿಂಗ್ ಬೇಡ. ಎಷ್ಟೋ ಸಲ ಓಎನ್‌ಯು ಹಸಿರು ಇರುತ್ತೆ, ನೆಟ್ ಇರಲ್ಲ. ಹೊರಗಿನ ಎರಡು ವಿಳಾಸಕ್ಕೆ ಪಿಂಗ್ ಹಾಕಿ, ಅಂದರೆ ಉತ್ತರ ಬರುತ್ತಾ ಅಂತ ನೋಡಿ, ಎರಡೂ ಸಿಗದಿದ್ದರೆ ಮಾತ್ರ ಬದಲಾಗಲಿ. ಇನ್ನೊಂದು, ಫೈಬರ್ ಬಂದ ತಕ್ಷಣ ವಾಪಸ್ ಹೋಗಲು ಬಿಡಬೇಡಿ. ಕೊಂಬೆಗೆ ತಾಗುವ ಕೇಬಲ್ ಗಾಳಿಗೆ ಹೋಗಿ ಬಂದು ಮಾಡುತ್ತೆ. ಲೈನ್ ಬದಲಾದಾಗಲೆಲ್ಲ ಐಪಿ ಬದಲಾಗುತ್ತೆ, ಪೋರ್ಟಲ್ ಹೊರಗೆ ಹಾಕಿ ಮತ್ತೆ ಲಾಗಿನ್ ಕೇಳುತ್ತೆ. ಅರ್ಧ ಗಂಟೆ ಬಿಡದೆ ನಿಂತರೆ ಮಾತ್ರ ವಾಪಸ್ ಅಂತ ಇಟ್ಟ ಮೇಲೆ ಆ ಕಾಟ ತಪ್ಪಿತು.

ನೆಟ್ ಸರಿ ಆದ ಮೇಲೆ ಓಟಿಪಿ ತಲೆನೋವು ಬಂತು. ಹತ್ತಿರದ ಟವರ್ ಪೂರ್ತಿ ಸತ್ತಾಗ ಪಾರ್ಟಿಗಳ ಮೊಬೈಲಿಗೆ ಓಟಿಪಿ ಬರಲ್ಲ. ಜಿಎಸ್‌ಟಿ ಓಟಿಪಿ ಇಮೇಲಿಗೂ ಬರುತ್ತದೆ, ಅವರಿಗೆ ಆ ಇಮೇಲ್ ಪಾಸ್‌ವರ್ಡೇ ನೆನಪಿರಲ್ಲ. ಮೇ ತಿಂಗಳಲ್ಲೇ ಎಲ್ಲರನ್ನೂ ಕೂರಿಸಿ ಅವರ ಇಮೇಲನ್ನು ಅವರವರ ಮೊಬೈಲಿನಲ್ಲಿ ತೆರೆಸಿದೆ. ಈಗ ಅಂಥ ದಿನ ಅವರು ಮನೆಗೆ ಬಂದು ನನ್ನ ವೈಫೈ ಹಿಡಿದು ಓಟಿಪಿ ಓದಿ ಹೇಳುತ್ತಾರೆ.

ಇದಕ್ಕೂ ಒಂದು ಮಿತಿ ಇದೆ. ಆಕಾಶವೇ ಕಿತ್ತು ಬಂದಂಥ ಮಳೆಯಲ್ಲಿ ಗುಡ್ಡದಾಚೆಯ ಟವರೂ ಹತ್ತು ಹದಿನೈದು ನಿಮಿಷ ಮಂಕಾಗುತ್ತದೆ. ನನ್ನ ಆಂಟೆನಾಕ್ಕೂ ಆ ಟವರಿಗೂ ನಡುವೆ ಮಳೆ ಏನೂ ಮಾಡಲ್ಲ, 850ಕ್ಕೆ ಮಳೆ ಲೆಕ್ಕವಿಲ್ಲ. ಆ ಬಿಳಿ ಡಿಶ್ ಓಡುವುದು ಹತ್ತು ಗಿಗಾಹರ್ಟ್ಸ್‌ಗಿಂತ ಎಷ್ಟೋ ಮೇಲೆ, ಅಲ್ಲಿ ದಪ್ಪ ಹನಿ ಸಿಗ್ನಲ್ ತಿನ್ನುತ್ತದೆ. ಮಳೆ ಸಣ್ಣಗಾದರೆ ತಾನೇ ಬರುತ್ತೆ, ಯಾರೂ ಬಂದು ಜಾಯಿಂಟ್ ಹಾಕಬೇಕಿಲ್ಲ.

ಈಗ ಊರಿನಲ್ಲಿ ಇನ್ನೂ ಮೂರು ಮನೆಯವರು ಕೇಳುತ್ತಿದ್ದಾರೆ. ಇಬ್ಬರಿಗೆ ದೋಟಿ ಅಳತೆ ಆಯಿತು, ಒಬ್ಬರಿಗೆ ಸಿಗುತ್ತದೆ, ಇನ್ನೊಬ್ಬರ ಮನೆ ಪೂರ್ತಿ ತಗ್ಗಿನಲ್ಲಿದೆ, ಮೂವತ್ತು ಅಡಿಗೂ ಏನೂ ಸಿಗಲಿಲ್ಲ. ಅವರಿಗೆ ನನ್ನ ಪೈಪಿನಿಂದಲೇ ಫೈಬರ್ ಎಳೆಯುವ ಯೋಚನೆ ಇದೆ. ಮೊನ್ನೆ ಡೀಸೆಲ್ ತರುವವರು ಸಿಕ್ಕಾಗ ಆ ಟವರಿಗೂ ಫೈಬರ್ ತರುವ ಕೆಲಸ ಶುರುವಾಗುತ್ತೆ ಅಂದರು. ಕೊಪ್ಪ ಕಡೆಯಿಂದ ಬಂದರೆ ಒಳ್ಳೆಯದೇ, ಸ್ಪೀಡೂ ಏರುತ್ತೆ. ನಮ್ಮ ರಸ್ತೆ ಕಡೆಯಿಂದ ತಂದರೆ ನಾನು ದೋಟಿ ಹಿಡಿದು ಇನ್ನೊಂದು ಟವರ್ ಹುಡುಕಬೇಕು. ದಕ್ಷಿಣದ ಗುಡ್ಡದ ಸಂದಿಯಲ್ಲಿ ಒಂದರ ನಂಬರು ಆಗಲೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, 700ರ ಬ್ಯಾಂಡ್, 109 ತೋರಿಸಿತು.